ಲಕ್ಷ ಜನರಿದ್ದ ಕೌಂಟಿಯಲ್ಲಿ ಈಗ 19 ಸಾವಿರ: ಮ್ಯಾಕ್‌ಡವೆಲ್‌ಗೆ ಏನಾಯಿತು?

ಪ್ರಶ್ನೆ: ನಾವು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ಇದ್ದೇವೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಕಪ್ಪು ಅಜ್ಜಿ ಇದ್ದಾರೆ. ನನ್ನ ಮಗಳನ್ನು ತುಂಬಾ ಹಚ್ಚಿಕೊಂಡಿದ್ದಾರೆ. ತಾನು ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡವೆಲ್ ಕೌಂಟಿಯವಳು, ಗ್ಯಾರಿ ಹತ್ತಿರ 'ನಂಬರ್ ನೈನ್'ನಲ್ಲಿ ಹುಟ್ಟಿದ್ದು, ಆಗ ಅಲ್ಲಿ ಲಕ್ಷ ಜನ ಇದ್ದರು ಅನ್ನುತ್ತಾರೆ. ಹುಡುಕಿ ನೋಡಿದರೆ ಈಗ 19 ಸಾವಿರ ಅಂತ ಬರುತ್ತದೆ. ಅಜ್ಜಿಗೆ ನೆನಪು ತಪ್ಪಿದೆಯಾ? ಅಥವಾ ನಿಜವಾಗಿಯೂ ಅಷ್ಟು ಜನ ಇದ್ದರಾ? ಇದ್ದರೆ ಎಲ್ಲಿ ಹೋದರು? ಕಲ್ಲಿದ್ದಲು ಖಾಲಿಯಾಯಿತಾ? ಅವರ ಅಪ್ಪನ ಹೆಸರು ಹಳೇ ಜನಗಣತಿಯಲ್ಲಿ ಸಿಗುತ್ತದಾ?

ಉತ್ತರ: ಅಜ್ಜಿಗೆ ನೆನಪು ಒಂಚೂರೂ ತಪ್ಪಿಲ್ಲ. 1950ರ ಜನಗಣತಿಯಲ್ಲಿ ಮ್ಯಾಕ್‌ಡವೆಲ್ ಕೌಂಟಿಯಲ್ಲಿ ಇದ್ದವರು 98,887 ಜನ. 2020ರಲ್ಲಿ 19,111. ಎಪ್ಪತ್ತು ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಕಡಿಮೆಯಾದರು. ಯುದ್ಧ ಆಗಲಿಲ್ಲ, ಬರ ಬರಲಿಲ್ಲ, ಸಾಂಕ್ರಾಮಿಕ ರೋಗ ಊರನ್ನು ಬಳಿದುಕೊಂಡು ಹೋಗಲಿಲ್ಲ. ಕಲ್ಲಿದ್ದಲೂ ಖಾಲಿಯಾಗಲಿಲ್ಲ. ಇವತ್ತಿಗೂ ಅಲ್ಲಿ ತೆಗೆಯುತ್ತಿದ್ದಾರೆ. ಹಾಗಾದರೆ ಏನಾಯಿತು ಅನ್ನುವುದಕ್ಕೆ ನಾನು ಯಾವಾಗಲೂ ಒಂದು ಮಾತು ಹೇಳುತ್ತೇನೆ. ಜನ ಯಾಕೆ ಹೋದರು ಅಂತ ಕೇಳುವ ಮೊದಲು, ಅವರ ಕಾಲಡಿಯ ನೆಲ ಯಾರದಾಗಿತ್ತು ಅಂತ ಕೇಳಬೇಕು. ಅಲ್ಲಿಂದ ಶುರು ಮಾಡಿದರೆ ಮಾತ್ರ ಈ ಅಂಕಿಗಳು ಅರ್ಥವಾಗುತ್ತವೆ.

ಮೊದಲು ಕೌಂಟಿ ಅಂದರೇನು ಅಂತ ಎರಡು ಮಾತು. ನಮ್ಮಲ್ಲಿ ಕೆಲವರು ತಾಲ್ಲೂಕು ಅಂತಾರೆ, ಕೆಲವರು ಜಿಲ್ಲೆ ಅಂತಾರೆ. ಅಧಿಕಾರದಲ್ಲಿ ಅದು ಜಿಲ್ಲೆಯ ಹಾಗೆ. ತನ್ನದೇ ಕೋರ್ಟು, ತನ್ನದೇ ಕಂದಾಯ ಲೆಕ್ಕ, ಜಮೀನು ದಾಖಲೆ, ಜನ ವೋಟು ಹಾಕಿ ಆರಿಸಿದ ಶೆರಿಫ್ (ಪೊಲೀಸ್ ಮುಖ್ಯಸ್ಥ) ಎಲ್ಲ ಇರುತ್ತದೆ. ಜನಸಂಖ್ಯೆಯಲ್ಲಿ ಮಾತ್ರ ಎಷ್ಟೋ ಕೌಂಟಿಗಳು ನಮ್ಮ ಒಂದು ಹೋಬಳಿಯಷ್ಟೂ ಇರುವುದಿಲ್ಲ. ಇಡೀ ದೇಶದಲ್ಲಿ ಇಂಥವು 3,100ಕ್ಕೂ ಜಾಸ್ತಿ ಇವೆ, ವೆಸ್ಟ್ ವರ್ಜೀನಿಯಾ ಒಂದರಲ್ಲೇ 55. ಅದರಲ್ಲಿ ತೀರಾ ದಕ್ಷಿಣದ ತುದಿಯಲ್ಲಿರುವುದು ಮ್ಯಾಕ್‌ಡವೆಲ್. ವಿಸ್ತೀರ್ಣ ಸುಮಾರು 535 ಚದರ ಮೈಲಿ. ಬೆಂಗಳೂರು ನಗರ ಜಿಲ್ಲೆಯ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ ಅಂದುಕೊಳ್ಳಿ. ಆದರೆ ಬಯಲು ಅನ್ನುವುದು ಇಲ್ಲವೇ ಇಲ್ಲ. ಎತ್ತ ನೋಡಿದರೂ ಕಡಿದಾದ ಗುಡ್ಡ, ಗುಡ್ಡಗಳ ಸಂದಿಯಲ್ಲಿ ಹಳ್ಳ, ಹಳ್ಳದ ಪಕ್ಕ ಒಂದಿಷ್ಟು ಸಮತಟ್ಟು ಜಾಗ. ಆ ಒಂದಿಷ್ಟು ಜಾಗದಲ್ಲೇ ರೈಲು ಹಳಿ, ರಸ್ತೆ, ಮನೆ, ಅಂಗಡಿ, ಶಾಲೆ ಎಲ್ಲ ಒತ್ತಿಕೊಂಡು ಕೂತಿವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಪ್ರವಾಹದ ಮಾತು ಬಂದಾಗ ಬೇಕಾಗುತ್ತದೆ.

ಈ ಕೌಂಟಿ ಹುಟ್ಟಿದ್ದು 1858ರಲ್ಲಿ. ಆಗ ವೆಸ್ಟ್ ವರ್ಜೀನಿಯಾ ಅನ್ನುವ ರಾಜ್ಯವೇ ಇರಲಿಲ್ಲ. ವರ್ಜೀನಿಯಾದ ಟ್ಯಾಜ್‌ವೆಲ್ ಕೌಂಟಿಯಿಂದ ಒಂದು ತುಂಡು ಕತ್ತರಿಸಿ, ಆ ರಾಜ್ಯದ ಹಿಂದಿನ ಗವರ್ನರ್ ಜೇಮ್ಸ್ ಮ್ಯಾಕ್‌ಡವೆಲ್ ಹೆಸರಿಟ್ಟರು. ಅಂತರ್ಯುದ್ಧದ ನಡುವೆ 1863ರಲ್ಲಿ ಹೊಸ ರಾಜ್ಯ ಹುಟ್ಟಿತು, ಈ ಕೌಂಟಿಯೂ ಅದರ ಪಾಲಿಗೆ ಬಂತು. 1860ರಲ್ಲಿ ಇಲ್ಲಿದ್ದ ಜನ 1,535. ಜೋಳ ಬೆಳೆದುಕೊಂಡು, ಹಂದಿ ಸಾಕಿಕೊಂಡು, ಬೇಟೆ ಆಡಿಕೊಂಡು ಇದ್ದ ಸಣ್ಣ ಸಣ್ಣ ಕುಟುಂಬಗಳು. 1880ರಲ್ಲೂ 3,074 ಅಷ್ಟೇ. ಅಂದರೆ ಇವತ್ತು ನೋಡಿ 'ಅಯ್ಯೋ ಎಷ್ಟು ಖಾಲಿ' ಅಂತೀವಲ್ಲ, ಆಗ ಇದಕ್ಕಿಂತ ಆರು ಪಾಲು ಖಾಲಿ ಇತ್ತು. ಆ ಜನರಿಗೆ ಅದು ಖಾಲಿ ಅನ್ನಿಸಿರಲಿಲ್ಲ. ನೆಲ ತಾಳಿಕೊಳ್ಳುವಷ್ಟು ಜನ ಇದ್ದರು.

ನೆಲದ ಒಳಗೆ ಏನಿದೆ ಅಂತ ಹೊರಗಿನವರಿಗೆ ಗೊತ್ತಾಗಿದ್ದು 1870ರ ದಶಕದಲ್ಲಿ. ಜೆಡಡಯಾ ಹಾಚ್‌ಕಿಸ್ ಅನ್ನುವ ನಕ್ಷೆಗಾರರು ಈ ಸೀಮೆಯ ಸರ್ವೆ ಮಾಡಿಸಿದರು. ಗುಡ್ಡ ಹತ್ತಿ ಇಳಿದು ಕಲ್ಲಿದ್ದಲಿನ ಪದರ ಅಳೆದವರು ಕ್ಯಾಪ್ಟನ್ ಐಸಾಯಾ ವೆಲ್ಚ್. ಇವತ್ತಿನ ಕೌಂಟಿ ಕೇಂದ್ರದ ಹೆಸರು ವೆಲ್ಚ್ ಅಂತ ಇರುವುದು ಅವರಿಂದಲೇ. ಅಲ್ಲಿ ಸಿಕ್ಕಿದ್ದು ಪೊಕಹಾಂಟಸ್ ನಂಬರ್ 3 ಅನ್ನುವ ಪದರ. ಕಲ್ಲಿದ್ದಲು ಎಲ್ಲ ಒಂದೇ ಅಲ್ಲ. ಇದು ಹೊಗೆ ಕಡಿಮೆ, ಕಾವು ಜಾಸ್ತಿ ಇರುವ ಜಾತಿ. ಉಗಿ ಹಡಗುಗಳ ಕಾಲದಲ್ಲಿ ಹೊಗೆ ಕಡಿಮೆ ಅಂದರೆ ಶತ್ರುವಿಗೆ ದೂರದಿಂದ ಕಾಣುವುದಿಲ್ಲ, ಹಾಗಾಗಿ ಅಮೆರಿಕದ ನೌಕಾಪಡೆಗೆ ಇದೇ ಬೇಕು. ಸುಟ್ಟು ಕೋಕ್ ಮಾಡಿದರೆ ಉಕ್ಕಿನ ಕುಲುಮೆಗೂ ಇದೇ ಬೇಕು. ಇಂಥ ಸರಕು ನೆಲದಡಿ ಇದೆ ಅಂದಮೇಲೆ ನೆಲದ ಮೇಲೆ ಜೋಳ ಬೆಳೆಯುವವರ ಕೈಯಲ್ಲಿ ಅದು ಎಷ್ಟು ದಿನ ಉಳಿದೀತು?

ಇಲ್ಲಿಂದಲೇ ಮುಖ್ಯ ಕಥೆ. ರೈಲು ಬರುವ ಮುಂಚೆಯೇ ಹೊರಗಿನ ಬಂಡವಾಳದವರು ಬಂದು ನೆಲ ಕೊಂಡರು. ಕೆಲವು ಕಡೆ ಪೂರ್ತಿ ಜಮೀನು, ಕೆಲವು ಕಡೆ ನೆಲದಡಿಯ ಹಕ್ಕು ಮಾತ್ರ. ಎಷ್ಟೋ ರೈತರಿಗೆ ತಮ್ಮ ಗುಡ್ಡದ ಬೆಲೆ ಏನು ಅಂತ ಗೊತ್ತಿರಲಿಲ್ಲ. ಎಷ್ಟೋ ಜನರ ಹಕ್ಕುಪತ್ರ ಗಟ್ಟಿ ಇರಲಿಲ್ಲ, ಯಾವುದೋ ಕಾಲದಲ್ಲಿ ದೂರದ ಸಾಹುಕಾರರಿಗೆ ಕೊಟ್ಟ ದೊಡ್ಡ ದೊಡ್ಡ ಭೂದಾನದ ಕಾಗದಗಳು ಅದರ ಮೇಲೆ ಕೂತಿದ್ದವು. ಹೀಗೆ ಕೊಂಡ ನೆಲ ಒಂದೆರಡು ದೊಡ್ಡ ಭೂ ಕಂಪನಿಗಳ ಕೈಗೆ ಸೇರಿತು. 1901ರಲ್ಲಿ ಅವುಗಳಲ್ಲಿ ಅತಿ ದೊಡ್ಡದನ್ನು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯೇ ಕೊಂಡುಕೊಂಡಿತು. ನೋಡಿ ಹೇಗಿದೆ: ಕಲ್ಲಿದ್ದಲು ಸಾಗಿಸುವ ಹಳಿ ರೈಲ್ವೆಯದು, ಕಲ್ಲಿದ್ದಲು ಇರುವ ಗುಡ್ಡವೂ ಅದರದೇ ಅಂಗಸಂಸ್ಥೆಯದು. ಗಣಿ ನಡೆಸುವವರು ಗುತ್ತಿಗೆದಾರರು, ಟನ್ನಿಗೆ ಇಷ್ಟು ಅಂತ ರಾಯಧನ ಕೊಡಬೇಕು. ಯು.ಎಸ್. ಸ್ಟೀಲ್‌ನಂಥ ದೈತ್ಯ ಕಂಪನಿ ಕೂಡ ಗ್ಯಾರಿಯಲ್ಲಿ ಗಣಿ ತೆರೆದಾಗ ನೆಲವನ್ನು ಗುತ್ತಿಗೆಗೇ ಹಿಡಿದಿದ್ದು. ನಿಮ್ಮ ಅಜ್ಜಿಯ ಊರಿನ ಹೆಸರು ಗ್ಯಾರಿ ಅಂತ ಇದೆಯಲ್ಲ, ಅದು ಆ ಕಂಪನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯ ಹೆಸರು.

1888ರಲ್ಲಿ ಎಲ್ಕ್‌ಹಾರ್ನ್ ಸುರಂಗ ಕೊರೆದು ರೈಲು ಕೌಂಟಿಯೊಳಕ್ಕೆ ಬಂತು. 1892ರ ಹೊತ್ತಿಗೆ ಹಳಿ ಒಹಾಯೊ ತನಕ ಮುಟ್ಟಿತು. ಅದೇ ವರ್ಷ ಕೌಂಟಿ ಕೇಂದ್ರ ಹಳೇ ಪೆರಿವಿಲ್‌ನಿಂದ ರೈಲಿರುವ ವೆಲ್ಚ್‌ಗೆ ಬಂತು. ಆಮೇಲಿನ ಅಂಕಿ ನೋಡಿ. 1890ರಲ್ಲಿ 7,300, 1900ರಲ್ಲಿ 18,747, 1910ರಲ್ಲಿ 47,856, 1920ರಲ್ಲಿ 68,571. 1880ರಿಂದ ನಲವತ್ತು ವರ್ಷದಲ್ಲಿ ಇಪ್ಪತ್ತೆರಡು ಪಾಲು! ಇದು ಮಕ್ಕಳು ಹುಟ್ಟಿ ಬೆಳೆದ ಜನಸಂಖ್ಯೆ ಅಲ್ಲ, ರೈಲಿನಲ್ಲಿ ತಂದು ಇಳಿಸಿದ ಜನಸಂಖ್ಯೆ. ಕಂಪನಿಯ ಏಜೆಂಟರು ವರ್ಜೀನಿಯಾ, ನಾರ್ತ್ ಕ್ಯಾರೊಲೈನಾ, ಅಲಬಾಮಾದ ಹೊಲಗಳಿಗೆ ಹೋಗಿ ಕಪ್ಪು ಕೂಲಿಗಳನ್ನು ಕರೆತಂದರು. ರೈಲು ಚಾರ್ಜು ಕಂಪನಿ ಕೊಡುತ್ತದೆ, ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳುತ್ತದೆ. ಇನ್ನೊಂದು ಕಡೆ ಇಟಲಿ, ಹಂಗೇರಿ, ಪೋಲೆಂಡ್, ರಷ್ಯಾ ಕಡೆಯ ವಲಸಿಗರು ಹಡಗಿಳಿದು ನೇರ ಇಲ್ಲಿಗೆ. ಮೂರನೆಯವರು ಸುತ್ತಲ ಗುಡ್ಡಗಳ ಬಿಳಿಯರು, ನೆಲ ಮಾರಿಕೊಂಡವರ ಮಕ್ಕಳು.

ಕಪ್ಪು ಜನರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಿಮ್ಮ ಅಜ್ಜಿಯ ಮನೆತನದ ಕಥೆ ಅಲ್ಲೇ ಇದೆ. 1910, 1920ರ ಸುಮಾರಿಗೆ ಮ್ಯಾಕ್‌ಡವೆಲ್‌ನ ಕಾಲುಭಾಗಕ್ಕಿಂತ ಜಾಸ್ತಿ ಜನ ಕಪ್ಪು ಜನಾಂಗದವರು. ಗುಡ್ಡಗಾಡಿನ ಅಮೆರಿಕ ಅಂದರೆ ಬರೀ ಬಿಳಿಯರು ಅಂದುಕೊಳ್ಳುವವರಿಗೆ ಇದು ಆಶ್ಚರ್ಯ. ಅವರು ಬರಲು ಕಾರಣ ಇತ್ತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ವೋಟನ್ನು ತೆರಿಗೆ, ಓದು-ಬರಹದ ಪರೀಕ್ಷೆ ಅಂತ ಕಿತ್ತುಕೊಂಡಿದ್ದರು. ವೆಸ್ಟ್ ವರ್ಜೀನಿಯಾದಲ್ಲಿ ವೋಟು ಉಳಿದಿತ್ತು. ಗಣಿಯಲ್ಲಿ ಟನ್ನಿನ ಲೆಕ್ಕದಲ್ಲಿ ಕೂಲಿ, ಕಪ್ಪು ಬಿಳುಪು ಅಂತ ದರ ಬೇರೆ ಇರಲಿಲ್ಲ. ಹಾಗಂತ ಸಮಾನತೆ ಇತ್ತು ಅಂತಲ್ಲ. ಶಾಲೆ ಬೇರೆ, ಕೇರಿ ಬೇರೆ, ಮೇಸ್ತ್ರಿ ಕೆಲಸ ಬಿಳಿಯರಿಗೆ, ಅತಿ ಕಷ್ಟದ ಸಲಿಕೆ ಕೆಲಸ ಕಪ್ಪು ಜನರಿಗೆ. ಆದರೂ ವೋಟಿನ ಬಲ ದೊಡ್ಡದು. ಕೀಸ್ಟೋನ್ ಊರಿನಲ್ಲಿ ಕಪ್ಪು ಜನರದೇ ಪತ್ರಿಕೆ ಇತ್ತು, ಅದರ ಸಂಪಾದಕ ಎಂ. ಟಿ. ವಿಟಿಕೊ ಈ ಜಾಗವನ್ನು 'ಮ್ಯಾಕ್‌ಡವೆಲ್ ಸ್ವತಂತ್ರ ರಾಜ್ಯ' ಅಂತ ಹೆಮ್ಮೆಯಿಂದ ಕರೆದರು. 1928ರಲ್ಲಿ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್ ಈ ಕೌಂಟಿಯಿಂದ ರಾಜ್ಯ ಶಾಸನಸಭೆಗೆ ನೇಮಕವಾದರು. ಅಮೆರಿಕದ ಇತಿಹಾಸದಲ್ಲೇ ಮೊದಲ ಕಪ್ಪು ಮಹಿಳಾ ಶಾಸಕಿ ಅವರು. ಅದೇ ವರ್ಷ ಕಿಂಬಲ್ ಊರಿನಲ್ಲಿ ಮೊದಲ ಮಹಾಯುದ್ಧದ ಕಪ್ಪು ಸೈನಿಕರ ಸ್ಮಾರಕ ಭವನ ಕಟ್ಟಿದರು. ಕಟ್ಟಡ ಇವತ್ತೂ ಇದೆ. ಆ ಕಡೆ ಹೋದರೆ ಮಗಳಿಗೆ ತೋರಿಸಿ.

ಈಗ ಒಂದು ಹಾಳೆ ನೋಡೋಣ. ಕಲ್ಲಿದ್ದಲು ಕೇರಿಗಳ 1920ರ ಗಣತಿ ಹಾಳೆಗಳನ್ನು ತಿರುವಿ ಹಾಕುವುದು ನನ್ನ ಕೆಲಸದ ದೊಡ್ಡ ಪಾಲು. ಪುಟಕ್ಕೆ ಐವತ್ತು ಸಾಲು, ಗಣತಿಯವರ ಕೈಬರಹ. ಎಡದಲ್ಲಿ ಮನೆ ನಂಬರು, ಹೆಸರು, ಮನೆ ಯಜಮಾನನಿಗೆ ಏನಾಗಬೇಕು ಅನ್ನುವುದು. ಅದರ ಪಕ್ಕದಲ್ಲಿ ಒಂದು ಸಣ್ಣ ಅಂಕಣ: ಮನೆ ಸ್ವಂತದ್ದೋ ಬಾಡಿಗೆಯದೋ. ಸ್ವಂತಕ್ಕೆ 'ಓ', ಬಾಡಿಗೆಗೆ 'ಆರ್'. ಕೇರಿಯ ಹಾಳೆಯಲ್ಲಿ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಆರ್, ಆರ್, ಆರ್, ಆರ್. ಪುಟ ತಿರುಗಿಸಿದರೂ ಆರ್. ಬಲದ ತುದಿಯ ಉದ್ಯೋಗದ ಅಂಕಣದಲ್ಲಿ ಲೋಡರ್ (ಕಲ್ಲಿದ್ದಲು ತುಂಬುವವನು), ಲೋಡರ್, ಕಲ್ಲಿದ್ದಲು ಗಣಿ. ಒಂದೇ ಮನೆಯಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು, ಜೊತೆಗೆ ಊಟ ವಸತಿಗೆ ಇದ್ದ ನಾಲ್ಕು ಜನ ಗಂಡಾಳು. ಪುಟದಲ್ಲಿ ಇಪ್ಪತ್ತರಿಂದ ನಲವತ್ತರ ಗಂಡಸರೇ ಜಾಸ್ತಿ, ಅರವತ್ತು ದಾಟಿದವರು ತೀರಾ ಅಪರೂಪ. ಆ ಒಂದು ಅಕ್ಷರ, ಆ 'ಆರ್', ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಇಷ್ಟು ಜನರಲ್ಲಿ ತಮ್ಮದು ಅನ್ನುವ ಸೂರು ಇದ್ದವರು ಬೆರಳೆಣಿಕೆ. ನಮ್ಮ ಕಾಫಿ ತೋಟದ ಲೈನ್ ಮನೆ ಗೊತ್ತಲ್ಲ, ಹಾಗೆ. ಕೆಲಸ ಇರುವ ತನಕ ಮನೆ. ಕೆಲಸ ಹೋದರೆ, ಯೂನಿಯನ್ ಸೇರಿದರೆ, ಗಣಿಯಲ್ಲಿ ಗಂಡ ಸತ್ತರೆ, ಮನೆ ಖಾಲಿ ಮಾಡಬೇಕು.

ಅಂಗಡಿಯೂ ಕಂಪನಿಯದೇ. ಸಂಬಳದ ದಿನ ಬರುವ ಮುಂಚೆ ದುಡ್ಡು ಬೇಕಾದರೆ ಸ್ಕ್ರಿಪ್ ಕೊಡುತ್ತಿದ್ದರು. ಹಿತ್ತಾಳೆಯ ಸಣ್ಣ ಬಿಲ್ಲೆ, ಮೇಲೆ ಕಂಪನಿಯ ಹೆಸರು, ಎಷ್ಟೋ ಬಿಲ್ಲೆಗಳಲ್ಲಿ ನಡುವೆ ಕೊರೆದ ಗುರುತು. ಅದು ನಡೆಯುವುದು ಅದೇ ಕಂಪನಿಯ ಅಂಗಡಿಯಲ್ಲಿ. ಅಜ್ಜಿಯನ್ನು ಕೇಳಿ ನೋಡಿ, ಅವರ ಮನೆಯಲ್ಲಿ ಒಂದಾದರೂ ಬಿಲ್ಲೆ ಇಟ್ಟುಕೊಂಡಿರಬಹುದು. ಗಣಿ ಸೀಮೆಯ ಕುಟುಂಬಗಳು ಅದನ್ನು ಜೋಪಾನ ಮಾಡುತ್ತವೆ.

ಸಾವಿನ ಲೆಕ್ಕವೂ ಕಡಿಮೆಯಿಲ್ಲ. 1912ರಲ್ಲಿ ಜೆಡ್ ಗಣಿಯ ಸ್ಫೋಟದಲ್ಲಿ ಎಂಬತ್ತರ ಹತ್ತಿರ, 1940ರ ಜನವರಿ 10ರಂದು ಬಾರ್ಟ್ಲಿ ಗಣಿಯಲ್ಲಿ 91. ಆಗಾಗ ಒಬ್ಬಿಬ್ಬರು ಚಾವಣಿ ಕುಸಿದು ಸತ್ತಿದ್ದು ಪತ್ರಿಕೆಯ ಮೂಲೆಯಲ್ಲಿ ಮಾತ್ರ ಬರುತ್ತಿತ್ತು. ಯೂನಿಯನ್ ಕಟ್ಟಲು ಹೋದವರಿಗೆ ಖಾಸಗಿ ಪಡೆಯ ಕಾವಲುಗಾರರು ಎದುರು ನಿಂತರು. ಪಕ್ಕದ ಮಿಂಗೋ ಕೌಂಟಿಯ ಮೇಟ್‌ವಾನ್‌ನಲ್ಲಿ ಗಣಿ ಕಾರ್ಮಿಕರ ಪರ ನಿಂತಿದ್ದ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್‌ನನ್ನು 1921ರ ಆಗಸ್ಟ್ 1ರಂದು ವೆಲ್ಚ್ ಕೋರ್ಟಿನ ಮೆಟ್ಟಿಲ ಮೇಲೆ ಹಾಡಹಗಲೇ ಗುಂಡಿಕ್ಕಿ ಕೊಂದರು. ಜೊತೆಗಿದ್ದ ಗೆಳೆಯ ಎಡ್ ಚೇಂಬರ್ಸ್‌ನನ್ನೂ ಕೊಂದರು, ಇಬ್ಬರ ಹೆಂಡತಿಯರೂ ಪಕ್ಕದಲ್ಲೇ ಇದ್ದರು. ಆ ಸಿಟ್ಟಿನಲ್ಲೇ ಆ ತಿಂಗಳ ಕೊನೆಗೆ ಸುಮಾರು ಹತ್ತು ಸಾವಿರ ಕಾರ್ಮಿಕರು ಬಂದೂಕು ಹಿಡಿದು ಬ್ಲೇರ್ ಮೌಂಟನ್ ಅನ್ನುವ ಬೆಟ್ಟದ ಕಡೆ ನಡೆದರು. ಆ ಕೋರ್ಟ್ ಕಟ್ಟಡ ಇವತ್ತೂ ನಿಂತಿದೆ. ಯೂನಿಯನ್ ಭದ್ರವಾಗಿ ಕಾಲೂರಿದ್ದು 1933ರಲ್ಲಿ, ಕಾನೂನಿನ ಬಲ ಸಿಕ್ಕಮೇಲೆ.

ಅಲ್ಲಿಂದ 1950ರ ತನಕ ಒಳ್ಳೆಯ ದಿನಗಳು. 1930ರಲ್ಲಿ 90,479, 1940ರಲ್ಲಿ 94,354, 1950ರಲ್ಲಿ ನಾನು ಮೊದಲು ಹೇಳಿದ 98,887. ದೇಶದಲ್ಲೇ ಅತಿ ಹೆಚ್ಚು ಕಲ್ಲಿದ್ದಲು ತೆಗೆಯುವ ಕೌಂಟಿಗಳ ಸಾಲಿನಲ್ಲಿ ಇದು ಮುಂದೆ. ವೆಲ್ಚ್‌ನ ಬೀದಿ ಶನಿವಾರ ಸಂಜೆ ಜಾತ್ರೆಯ ಹಾಗೆ ತುಂಬುತ್ತಿತ್ತು. ಎರಡು ಗುಡ್ಡದ ನಡುವಿನ ಊರು, ಕಾರು ನಿಲ್ಲಿಸಲು ಜಾಗವಿಲ್ಲ. ಹಾಗಾಗಿ 1941ರಲ್ಲಿ ಪುರಸಭೆಯೇ ದುಡ್ಡು ಹಾಕಿ ಪಾರ್ಕಿಂಗ್ ಕಟ್ಟಡ ಕಟ್ಟಿಸಿತು. ಪುರಸಭೆಯ ಒಡೆತನದಲ್ಲಿ ಇಂಥ ಕಟ್ಟಡ ಅಮೆರಿಕದಲ್ಲೇ ಅದು ಮೊದಲು. ಈಗ ಹೋಗಿ ಆ ಬೀದಿಯಲ್ಲಿ ನಿಂತರೆ ನಂಬಲು ಕಷ್ಟವಾಗುತ್ತದೆ.

ಆಮೇಲೆ ಬಿದ್ದಿದ್ದು ಹೇಗೆ? ಮೂರು ಏಟು ಒಟ್ಟಿಗೆ ಬಿತ್ತು. ಮನೆಗಳಲ್ಲಿ ಕಲ್ಲಿದ್ದಲು ಒಲೆ ಹೋಗಿ ಎಣ್ಣೆ, ಗ್ಯಾಸ್ ಬಂತು. ರೈಲು ಇಂಜಿನ್‌ಗಳು ಉಗಿಯಿಂದ ಡೀಸೆಲ್‌ಗೆ ಹೋದವು. ಇವೆರಡಕ್ಕಿಂತ ದೊಡ್ಡದು ಯಂತ್ರ. 1940ರ ದಶಕದ ಕೊನೆಗೆ 'ಕಂಟಿನ್ಯುಯಸ್ ಮೈನರ್' ಅನ್ನುವ ಯಂತ್ರ ಬಂತು. ಹಲ್ಲಿರುವ ದೊಡ್ಡ ಉರುಳೆ ತಿರುಗುತ್ತಾ ಕಲ್ಲಿದ್ದಲು ಗೋಡೆಯನ್ನು ಕೆರೆದು ಹಿಂದಕ್ಕೆ ತಳ್ಳುತ್ತದೆ. ರಂಧ್ರ ಕೊರೆಯುವವನು, ಸಿಡಿಮದ್ದು ಇಡುವವನು, ಸಲಿಕೆಯಲ್ಲಿ ತುಂಬುವವನು, ಯಾರೂ ಬೇಡ. 1950ರಲ್ಲಿ ಗಣಿ ಕಾರ್ಮಿಕರ ಯೂನಿಯನ್ ನಾಯಕ ಜಾನ್ ಎಲ್. ಲೂಯಿಸ್ ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡರು. ಒಳ್ಳೆ ಸಂಬಳ, ಆಸ್ಪತ್ರೆ, ಪಿಂಚಣಿ ನಿಧಿ ಕೊಡಿ, ಯಂತ್ರಕ್ಕೆ ನಾವು ಅಡ್ಡ ಬರುವುದಿಲ್ಲ ಅಂತ ಅದರ ತಿರುಳು. ಉಳಿದವರ ಬದುಕು ಹಸನಾಯಿತು, ಆದರೆ ಉಳಿದವರು ಕಡಿಮೆ. 1948ರಲ್ಲಿ ರಾಜ್ಯದಲ್ಲಿ ಒಂದೂಕಾಲು ಲಕ್ಷ ಗಣಿ ಕಾರ್ಮಿಕರಿದ್ದರು, 1961ರಲ್ಲಿ 45 ಸಾವಿರಕ್ಕೂ ಕಡಿಮೆ. ಮೊದಲು ಕೆಲಸ ಹೋಗಿದ್ದು ಸಲಿಕೆಯವರದು, ಅಂದರೆ ಕಪ್ಪು ಕಾರ್ಮಿಕರದು. ಯಂತ್ರ ನಡೆಸುವ ಕೆಲಸಕ್ಕೆ ಅವರನ್ನು ಕರೆದಿದ್ದು ಕಡಿಮೆ.

ಹತ್ತು ವರ್ಷದಲ್ಲಿ ಕೌಂಟಿಯ ಜನಸಂಖ್ಯೆ 98,887ರಿಂದ 71,359ಕ್ಕೆ ಇಳಿಯಿತು. ಇಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನ ಗಮನಿಸುವುದಿಲ್ಲ. ಕಡಿಮೆಯಾದದ್ದು 27,528 ಅಂದರೆ ಊರು ಬಿಟ್ಟವರು ಅಷ್ಟೇ ಅಂತಲ್ಲ. ಅದು ಮಕ್ಕಳು ಜಾಸ್ತಿ ಹುಟ್ಟುತ್ತಿದ್ದ ಕಾಲ, ಸಾವಿಗಿಂತ ಹುಟ್ಟು ಎಷ್ಟೋ ಪಾಲು ಜಾಸ್ತಿ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಯೂ ಅಷ್ಟು ಕಡಿಮೆಯಾಗಿದೆ ಅಂದರೆ, ಹೊರಟು ಹೋದವರು ಅದಕ್ಕಿಂತ ಎಷ್ಟೋ ಜಾಸ್ತಿ. ಗಂಟುಮೂಟೆ ಕಟ್ಟಿ ಒಹಾಯೊದ ಕ್ಲೀವ್‌ಲ್ಯಾಂಡ್‌ಗೆ, ಮಿಶಿಗನ್‌ನ ಡೆಟ್ರಾಯಿಟ್‌ಗೆ, ಮೇರಿಲ್ಯಾಂಡ್‌ಗೆ, ಆಮೇಲಿನ ವರ್ಷಗಳಲ್ಲಿ ದಕ್ಷಿಣಕ್ಕೆ ನಿಮ್ಮ ಶಾರ್ಲೆಟ್‌ಗೆ. ಮ್ಯಾಕ್‌ಡವೆಲ್‌ನ ಜನ ಎಲ್ಲಿ ಹೋದರು ಅಂತ ಕೇಳಿದ್ದೀರಿ. ಒಬ್ಬರು ನಿಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ.

ಇನ್ನು, ಇದೇ ಹೊತ್ತಿಗೆ ದೇಶದ ಕಣ್ಣು ಈ ಕಡೆ ಬಿತ್ತು. 1960ರ ಚುನಾವಣೆಯಲ್ಲಿ ಜಾನ್ ಕೆನಡಿ ಈ ಗಣಿ ಕೇರಿಗಳಲ್ಲಿ ಪ್ರಚಾರಕ್ಕೆ ಬಂದರು, ಕಂಡ ಬಡತನ ಅವರ ಮನಸ್ಸಿಗೆ ತಾಗಿತು. ಅಧ್ಯಕ್ಷರಾದ ಮೇಲೆ ಬಡವರಿಗೆ ಆಹಾರದ ಚೀಟಿ ಕೊಡುವ ಪ್ರಯೋಗ ಶುರುವಾಗಿದ್ದು ಇಲ್ಲಿಯೇ. 1961ರ ಮೇ 29ರಂದು ವೆಲ್ಚ್‌ನಲ್ಲಿ 13 ಮಕ್ಕಳಿದ್ದ, ಕೆಲಸ ಕಳೆದುಕೊಂಡ ಒಬ್ಬ ಗಣಿ ಕಾರ್ಮಿಕನ ಕುಟುಂಬಕ್ಕೆ 95 ಡಾಲರಿನ ಫುಡ್ ಸ್ಟ್ಯಾಂಪ್ ಕೊಟ್ಟರು. ಕೃಷಿ ಮಂತ್ರಿ ಆರ್ವಿಲ್ ಫ್ರೀಮನ್ ತಾವೇ ಬಂದಿದ್ದರು. ಇವತ್ತು ಅಮೆರಿಕದಲ್ಲಿ ಕೋಟಿಗಟ್ಟಲೆ ಜನರಿಗೆ ಸಿಗುವ ಆಹಾರ ನೆರವಿನ ಮೊದಲ ಚೀಟಿ ಅದು. ನೆಲದಡಿಯಿಂದ ಅಷ್ಟು ಸಂಪತ್ತು ರೈಲಿಗೆ ತುಂಬಿ ಕಳಿಸಿದ ಕೌಂಟಿ, ಈ ಯೋಜನೆಯಲ್ಲಿ ಮೊದಲು ಪಡಿತರಕ್ಕೆ ಕೈಚಾಚಬೇಕಾಯಿತು. ಇದನ್ನು ನಾನು ಎಷ್ಟು ಸಲ ಓದಿದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1970ರ ದಶಕದಲ್ಲಿ ಒಂದು ವಿಚಿತ್ರ ಕಾಣುತ್ತದೆ. 1970ರಲ್ಲಿ 50,666, 1980ರಲ್ಲಿ 49,899. ಬೀಳುತ್ತಿದ್ದ ಗೆರೆ ಹತ್ತು ವರ್ಷ ಹಾಗೇ ನಿಂತಿದೆ. 1973ರ ತೈಲ ಬಿಕ್ಕಟ್ಟಿನಿಂದ ಕಲ್ಲಿದ್ದಲಿಗೆ ಮತ್ತೆ ಬೆಲೆ ಬಂತು, ಹೋದವರಲ್ಲಿ ಕೆಲವರು ವಾಪಸ್ ಬಂದರು. ಆದರೆ 1980ರ ದಶಕದಲ್ಲಿ ಅಮೆರಿಕದ ಉಕ್ಕು ಉದ್ಯಮ ಕುಸಿಯಿತು, ಯು.ಎಸ್. ಸ್ಟೀಲ್ ಗ್ಯಾರಿಯ ಗಣಿಗಳನ್ನು ಒಂದೊಂದಾಗಿ ಮುಚ್ಚಿತು. 1990ರಲ್ಲಿ ಜನಸಂಖ್ಯೆ 35,233. ಈ ಸಲ ಹೋದವರು ವಾಪಸ್ ಬರಲಿಲ್ಲ. 2000ದಲ್ಲಿ 27,329, 2010ರಲ್ಲಿ 22,113.

ಗಣಿ ಮುಚ್ಚಿದ ಮೇಲೆ ಬೇರೆ ಏನಾದರೂ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮತ್ತೆ ನೆಲದ ಮಾತಿಗೇ ಬರಬೇಕು. ಇವತ್ತಿಗೂ ಮ್ಯಾಕ್‌ಡವೆಲ್‌ನ ಖಾಸಗಿ ಭೂಮಿಯ ಅರ್ಧಕ್ಕಿಂತ ಜಾಸ್ತಿ ಬೆರಳೆಣಿಕೆಯ ದೊಡ್ಡ ಒಡೆಯರ ಕೈಯಲ್ಲಿದೆ, ಅವರಲ್ಲಿ ಹೆಚ್ಚಿನವರು ಹೊರಗಿನವರು. ಕಾರ್ಖಾನೆ ಹಾಕಲು ಸಮತಟ್ಟು ಜಾಗ ಇಲ್ಲ, ಇರುವುದನ್ನು ಮಾರುವವರಿಲ್ಲ. ಕಂಪನಿಗಳು ಹೋಗುವಾಗ ಲೈನ್ ಮನೆಗಳನ್ನು ಅಗ್ಗಕ್ಕೆ ಬಾಡಿಗೆದಾರರಿಗೇ ಮಾರಿದವು. ಕೊನೆಗೂ ಮನೆ ಸ್ವಂತದ್ದಾಯಿತು, ಆದರೆ ಆ ಹೊತ್ತಿಗೆ ಕೆಲಸ ಹೋಗಿತ್ತು, ಮನೆಗೆ ಬೆಲೆಯೂ ಹೋಗಿತ್ತು. ಕಂಪನಿ ಹಾಕಿದ ನೀರಿನ ಪೈಪುಗಳು ತುಕ್ಕು ಹಿಡಿದವು, ರಿಪೇರಿ ಮಾಡಲು ದುಡ್ಡಿರುವ ಕಂಪನಿ ಇಲ್ಲ. ಕೆಲವು ಊರುಗಳಲ್ಲಿ ವರ್ಷಗಟ್ಟಲೆ ನೀರು ಕುದಿಸಿ ಕುಡಿಯಿರಿ ಅನ್ನುವ ಸೂಚನೆ ಇತ್ತು. ರಸ್ತೆ ಬದಿಯ ಗುಡ್ಡದಿಂದ ಕೊಳವೆಯಲ್ಲಿ ಬೀಳುವ ನೀರನ್ನು ಕ್ಯಾನ್‌ಗಳಲ್ಲಿ ಹಿಡಿದುಕೊಂಡು ಹೋಗುವವರು ಈಗಲೂ ಇದ್ದಾರೆ. ಅಮೆರಿಕದಲ್ಲಿ! ಕಿಂಬಲ್‌ನಲ್ಲಿ 2005ರಲ್ಲಿ ತೆರೆದ ವಾಲ್‌ಮಾರ್ಟ್ 2016ರಲ್ಲಿ ಮುಚ್ಚಿತು, ತಾಜಾ ತರಕಾರಿ ಸಿಗುತ್ತಿದ್ದ ಜಾಗವೂ ಹೋಯಿತು. ನೋವಿನ ಮಾತ್ರೆಯ ಚಟ ಎಷ್ಟೋ ಮನೆಗಳನ್ನು ಮುರಿಯಿತು. 2010ರ ಸುಮಾರಿನ ಅಂದಾಜಿನಂತೆ ಇಲ್ಲಿನ ಗಂಡಸರ ಸರಾಸರಿ ಆಯಸ್ಸು 64ರ ಆಸುಪಾಸು, ದೇಶದಲ್ಲೇ ಅತಿ ಕಡಿಮೆ ಇರುವ ಕಡೆಗಳಲ್ಲಿ ಒಂದು.

ಪ್ರವಾಹದ ಮಾತು ಬರುತ್ತದೆ ಅಂದಿದ್ದೆ. ಎಲ್ಕ್‌ಹಾರ್ನ್ ಹಳ್ಳ ವೆಲ್ಚ್‌ನಲ್ಲಿ ಟಗ್ ಫೋರ್ಕ್ ನದಿಗೆ ಸೇರುತ್ತದೆ. ಮಳೆ ಜೋರಾದರೆ ಗುಡ್ಡದ ನೀರೆಲ್ಲ ಆ ಸಣ್ಣ ಸಂದಿಗೆ ಬಂದು ಬೀಳುತ್ತದೆ, ಮನೆಗಳೂ ಅದೇ ಸಂದಿಯಲ್ಲಿವೆ. 2001ರ ಜುಲೈ, 2002ರ ಮೇ, ಹತ್ತು ತಿಂಗಳಲ್ಲಿ ಎರಡು ದೊಡ್ಡ ಪ್ರವಾಹ. ಮೊದಲ ಸಲ ಕೆಸರು ತೊಳೆದು ಮನೆ ರಿಪೇರಿ ಮಾಡಿಕೊಂಡವರು ಎರಡನೇ ಸಲ ಕೈಚೆಲ್ಲಿದರು. 2025ರ ಫೆಬ್ರವರಿಯಲ್ಲಿ ಮತ್ತೆ ಬಂತು, ಸಾವುಗಳಾದವು. ಪ್ರತಿ ಪ್ರವಾಹದ ನಂತರ ಒಂದಿಷ್ಟು ಕುಟುಂಬ ಶಾಶ್ವತವಾಗಿ ಹೊರಡುತ್ತದೆ.

2020ರ 19,111 ಅನ್ನುವ ಅಂಕಿಯನ್ನೂ ಹಾಗೇ ತೆಗೆದುಕೊಳ್ಳಬೇಡಿ. ವೆಲ್ಚ್ ಹತ್ತಿರ 2010ರ ಸುಮಾರಿಗೆ ಒಂದು ಕೇಂದ್ರ ಸರ್ಕಾರದ ಜೈಲು ಶುರುವಾಯಿತು, ಸಾವಿರಕ್ಕೂ ಜಾಸ್ತಿ ಕೈದಿಗಳನ್ನು ಇಡುವಂಥದ್ದು. ಅಮೆರಿಕದ ಜನಗಣತಿ ಕೈದಿಗಳನ್ನು ಅವರ ಊರಿನಲ್ಲಿ ಎಣಿಸುವುದಿಲ್ಲ, ಜೈಲು ಇರುವ ಕಡೆ ಎಣಿಸುತ್ತದೆ. ಅವರನ್ನು ಕಳೆದರೆ ಮ್ಯಾಕ್‌ಡವೆಲ್ ನನ್ನ ಮನೆ ಅನ್ನುವವರು ಇನ್ನೂ ಕಡಿಮೆ. ಈಗಂತೂ ವರ್ಷಕ್ಕೆ ಹುಟ್ಟುವವರಿಗಿಂತ ಸಾಯುವವರು ಜಾಸ್ತಿ, ಹಾಗಾಗಿ ಒಬ್ಬರೂ ಊರು ಬಿಡದಿದ್ದರೂ ಸಂಖ್ಯೆ ಇಳಿಯುತ್ತದೆ. ಇಡೀ ಕೌಂಟಿಗೆ ಈಗ ಉಳಿದಿರುವುದು ಎರಡೇ ಸರ್ಕಾರಿ ಹೈಸ್ಕೂಲ್. ಆದರೂ ಸತ್ತ ಊರು ಅಂತ ದಯವಿಟ್ಟು ಅನ್ನಬೇಡಿ, ವಿಶೇಷವಾಗಿ ಅಜ್ಜಿಯ ಎದುರು. ಗುಡ್ಡದ ಹಾದಿಗಳಲ್ಲಿ ನಾಲ್ಕು ಚಕ್ರದ ಬೈಕು ಓಡಿಸಲು ಹೊರಗಿನಿಂದ ಜನ ಬರುತ್ತಾರೆ, ಅವರಿಗೆ ಕೋಣೆ ಬಾಡಿಗೆ ಕೊಟ್ಟು ಬದುಕುವವರಿದ್ದಾರೆ. ಶಿಕ್ಷಕರು ಉಳಿಯಲಿ ಅಂತ ವೆಲ್ಚ್‌ನಲ್ಲಿ ಹೊಸ ವಸತಿ ಕಟ್ಟಡ ಎದ್ದಿದೆ. ಅಮ್ಮನನ್ನು ನೋಡಿಕೊಳ್ಳಲು ಅಂತ, ಚರ್ಚು ಬಿಡಲಾರೆ ಅಂತ, ಈ ಗುಡ್ಡ ಬಿಟ್ಟು ನಿದ್ದೆ ಬರುವುದಿಲ್ಲ ಅಂತ ಉಳಿದವರಿದ್ದಾರೆ.

ಈಗ ನಿಮ್ಮ ಕೊನೇ ಪ್ರಶ್ನೆ, ಅಪ್ಪನ ಹೆಸರು. ಸಿಗುತ್ತದೆ, ಸಿಗುವ ಸಾಧ್ಯತೆ ತುಂಬಾ ಇದೆ. ಅಮೆರಿಕದಲ್ಲಿ ಜನಗಣತಿಯ ಹೆಸರಿನ ಹಾಳೆಗಳನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ತೆರೆಯುತ್ತಾರೆ. 1950ರದು 2022ರ ಏಪ್ರಿಲ್‌ನಲ್ಲಿ ತೆರೆಯಿತು, ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ಅಜ್ಜಿಗೆ ಎಂಬತ್ತು ದಾಟಿದೆ ಅಂದರೆ ಆ ಹಾಳೆಯಲ್ಲಿ ಅಪ್ಪ ಮಾತ್ರ ಅಲ್ಲ, ಪುಟ್ಟ ಹುಡುಗಿಯಾಗಿ ಅಜ್ಜಿಯೂ ಇರುತ್ತಾರೆ. ಹೆಸರು ಹಾಕಿ ಹುಡುಕಿದಾಗ ಸಿಗದಿದ್ದರೆ ಬಿಡಬೇಡಿ. ಆ ಹುಡುಕಾಟ ಕೈಬರಹವನ್ನು ಯಂತ್ರದಿಂದ ಓದಿಸಿ ಮಾಡಿದ್ದು, ತಪ್ಪು ಜಾಸ್ತಿ. ರಾಜ್ಯ, ಕೌಂಟಿ ಆರಿಸಿ, ಆಡ್ಕಿನ್ ಅನ್ನುವ ವಿಭಾಗಕ್ಕೆ ಹೋಗಿ. ಗ್ಯಾರಿ ಸುತ್ತಲಿನ ಕೇರಿಗಳು ಬರುವುದು ಅದರಲ್ಲಿ. 'ನಂಬರ್ ನೈನ್' ಅಂದರೆ ಕಂಪನಿಯ ಒಂಬತ್ತನೇ ಗಣಿಯ ಕೇರಿ, ಅಲ್ಲಿನವರು ಊರಿನ ಹೆಸರಿಗಿಂತ ಗಣಿ ನಂಬರನ್ನೇ ಜಾಸ್ತಿ ಹೇಳುತ್ತಾರೆ. ಆಮೇಲೆ ಪುಟ ಪುಟವಾಗಿ ನೋಡಿ, ಪುಟಕ್ಕೆ 30 ಸಾಲು ಅಷ್ಟೇ.

ತಾತ ಮುತ್ತಾತರ ತನಕ ಹೋಗುವುದಾದರೆ ಎರಡು ಅಡ್ಡಿ ಗೊತ್ತಿರಲಿ. 1890ರ ಗಣತಿ ಹಾಳೆಗಳು ಬಹುಪಾಲು 1921ರ ವಾಷಿಂಗ್ಟನ್ ಬೆಂಕಿಯಲ್ಲಿ ಹಾಳಾದವು, ಅದನ್ನು ಹುಡುಕಿ ಸಮಯ ಕಳೆಯಬೇಡಿ. ಮತ್ತೆ, ಅಜ್ಜಿಯ ಹಿರಿಯರು ಅಲ್ಲಿಗೆ ಬಂದದ್ದು ಬಹುಶಃ 1890ರ ನಂತರ, ಹಾಗಾಗಿ ಅದಕ್ಕೂ ಹಿಂದಿನವರನ್ನು ಮ್ಯಾಕ್‌ಡವೆಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. 1920ರ ಹಾಳೆಯಲ್ಲಿ ಹುಟ್ಟಿದ ರಾಜ್ಯ, ಅಪ್ಪ ಅಮ್ಮ ಹುಟ್ಟಿದ ರಾಜ್ಯ ಬರೆದಿರುತ್ತಾರೆ, ಅದು ದಾರಿ ತೋರಿಸುತ್ತದೆ. ಜನನ, ಮರಣ, ಮದುವೆ ದಾಖಲೆಗಳನ್ನು ವೆಸ್ಟ್ ವರ್ಜೀನಿಯಾ ರಾಜ್ಯವೇ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ಮರಣ ಪತ್ರದಲ್ಲಿ ಕಾರಣ ಬರೆದಿರುತ್ತದೆ. ಗಣಿಯವರ ಪತ್ರಗಳಲ್ಲಿ 'ಚಾವಣಿ ಕುಸಿತ' ಅಂತ ಕಂಡರೆ ಅಜ್ಜಿಗೆ ತೋರಿಸುವ ಮುಂಚೆ ಒಮ್ಮೆ ಕೇಳಿ.

ಕಾರಿನಲ್ಲಿ ಹೋಗಬೇಕು ಅನ್ನಿಸಿದರೆ, ನಿಮ್ಮ ಶಾರ್ಲೆಟ್‌ನಿಂದ ಐ-77 ಹಿಡಿದು ಉತ್ತರಕ್ಕೆ ಬ್ಲೂಫೀಲ್ಡ್ ತನಕ, ಅಲ್ಲಿಂದ 52ನೇ ನಂಬರ್ ರಸ್ತೆ. ತಿರುವು ಜಾಸ್ತಿ, ನಿಧಾನ ಓಡಿಸಿ, ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಮಗಳನ್ನು ಅವರ ಪಕ್ಕದಲ್ಲಿ ಕೂರಿಸಿ. ಯಾವ ಗುಡ್ಡದ ಕೆಳಗೆ ಯಾರ ಮನೆ ಇತ್ತು ಅಂತ ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಗಣತಿ ಹಾಳೆಯಲ್ಲಿ ಮನೆಗಳು ಇದ್ದದ್ದೂ ಅದೇ ಸಾಲಿನಲ್ಲಿ.